ಅಮ್ಮನ ಹಾಡಿನ ಪುಸ್ತಕ ಟೈಪ್ ಮಾಡ್ತಿದ್ದೀನಿ, ಫೋನು 'ಹಸೆ'ಯನ್ನು 'ಹಸಿವೆ' ಮಾಡ್ತಿದೆ. ನೀವೆಲ್ಲ ಕನ್ನಡ ಹೇಗೆ ಟೈಪ್ ಮಾಡ್ತೀರಿ?

ಗೋರಂಟಿ, ಸಾಗರ

ಅಮ್ಮನ ಹತ್ತಿರ ಒಂದು ಹಾಡಿನ ಪುಸ್ತಕ ಇದೆ. ಪುಸ್ತಕ ಅಂದರೆ 200 ಪುಟದ ಉದ್ದ ನೋಟ್‌ಬುಕ್. ಅರಿಶಿನ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಹೆಣ್ಣೊಪ್ಪಿಸುವ ಹಾಡು, ಎಲ್ಲಾ ಅವಳದೇ ಕೈಬರಹ. ಬಾಲ್ ಪೆನ್ನಲ್ಲಿ ಬರೆದ ಪುಟಗಳು ಪರವಾಗಿಲ್ಲ. ಶಾಯಿ ಪೆನ್ನಿನ ಪುಟಗಳು ಮಾತ್ರ ನಮ್ಮೂರ ಮಳೆಗಾಲದ ಥಂಡಿಗೆ ಹರಡಿಕೊಂಡಿವೆ. ಪೂರ್ತಿ ಅಳಿಸಿ ಹೋಗುವ ಮೊದಲು ಟೈಪ್ ಮಾಡಿಟ್ಟುಬಿಡೋಣ ಅಂತ ಕೂತೆ. ಇದು ಈಗ ನನ್ನ ಭಾನುವಾರದ ಹವ್ಯಾಸ.

ತೊಂದರೆ ಏನೆಂದರೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪದ ಆರಿಸುವ ಅಭ್ಯಾಸ ನನ್ನದು. 'ಹಸೆಗೆ' ಅಂತ ಹೊಡೆದರೆ 'ಹಸುಗೆ' ಬರುತ್ತದೆ, ಇಲ್ಲವಾದರೆ 'ಹಸಿವೆಗೆ'. ಬಾಯಲ್ಲಿ ಹೇಳಿ ನೋಡಿದೆ. 'ಹೊಸಗೆರೆ' ಅಂತ ಬರೆದುಕೊಂಡಿತು. ಮದುಮಕ್ಕಳನ್ನು ಹಸೆಗೆ ಕರೆಯೋದು ಬಿಟ್ಟು ಯಾವುದೋ ಊರಿಗೆ ಕಳಿಸಿದ ಹಾಗಾಯಿತು.

ಎರಡನೇ ಪ್ರಶ್ನೆ. ಅಮ್ಮ 'ಎಲ್ಲಾ' ಅನ್ನೋದನ್ನು 'ಯೆಲ್ಲಾ' ಅಂತ, 'ಒಂದು' ಅನ್ನೋದನ್ನು 'ವೊಂದು' ಅಂತ ಬರೆದಿದ್ದಾಳೆ. 'ಭಾಗ್ಯ' ಅನ್ನುವ ಕಡೆಯೆಲ್ಲ 'ಬಾಗ್ಯ'. ತಿದ್ದಬೇಕಾ, ಹಾಗೇ ಬಿಡಬೇಕಾ?

ಗಿರ್ಮಿಟ್ ಪ್ರಿಯ, ಹುಬ್ಬಳ್ಳಿ

ಹಸಿವೆಗೆ ಕರೆಯುವ ಹಾಡು ನಮ್ಮ ಮನೆಯಲ್ಲಿ ದಿನಾ ಹಾಡ್ತಾರ್ರೀ, ಮಧ್ಯಾಹ್ನ 1 ಗಂಟೆಗೆ. ಅದನ್ನೂ ಸೇರಿಸಿಬಿಡಿ.

ಬೆರಳಚ್ಚು, ಮೈಸೂರು

ನಾನು ನಿವೃತ್ತ ಗುಮಾಸ್ತ. ಕನ್ನಡ ಟೈಪ್‌ರೈಟರಿನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದವನು. ಅನಂತಸುಬ್ಬರಾಯರ ಕೀಲಿಮಣೆ. ಅಲ್ಲಿ ಕಣ್ಣಿಗೆ ಕಂಡ ಹಾಗೆ ಹೊಡೆಯಬೇಕು. ಅಕ್ಷರದ ಮೈ ಒಂದು ಕೀಲಿ, ಅದಕ್ಕೆ ಗುಣಿತದ ಗುರುತು ಇನ್ನೊಂದು ಕೀಲಿ. 'ಕಾರ್ಯ' ಹೊಡೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತಿತ್ತು, ಕೈಯಲ್ಲಿ ಬರೆಯುವಾಗ ಬರುವಂತೆ.

ಕಂಪ್ಯೂಟರ್ ಬಂದ ಮೇಲೆ ನನಗೆ ಕಷ್ಟವಾಗಿದ್ದು ಅಲ್ಲೇ. ಬಾಯಲ್ಲಿ ರ್ ಮೊದಲು, ಆಮೇಲೆ ಯ. ಆದ್ದರಿಂದ ರ ಮೊದಲು ಒತ್ತಬೇಕು ಎಂದರು. ಕಣ್ಣು ಹೇಳಿದ್ದನ್ನು ಕೇಳುತ್ತಿದ್ದ ಬೆರಳು ಕಿವಿ ಹೇಳಿದ್ದನ್ನು ಕೇಳೋದಕ್ಕೆ ಆರು ತಿಂಗಳು ಬೇಕಾಯಿತು. ಮಗಳೇ, ನೀವು ಫೋನು ಬಿಟ್ಟು ಕಂಪ್ಯೂಟರಿಗೆ ಬನ್ನಿ. 200 ಪುಟ ಹೆಬ್ಬೆರಳಿನ ಕೆಲಸ ಅಲ್ಲ.

ಕುಡ್ಲದಿಂದ

ಬೆರಳಚ್ಚು ಸರ್ ಹೇಳಿದ್ದು ಸರಿ. ಪದ ಊಹಿಸುವ ಕೀಲಿಮಣೆ ದಿನದ ಹರಟೆಗೆ ಅಡ್ಡಿ ಇಲ್ಲ. ಹಳೇ ಪದ ಬರೆಯುವಾಗ ಊಹೆ ಮಾಡದ ಕೀಲಿಮಣೆ ಬೇಕು.

ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸ ಕಲಿಯಿರಿ. ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂರಿಸಿದ್ದಾರೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. 'ಅಕ್ಕ' ಅಂದರೆ ಎ, ಕೆ, ಎಫ್, ಕೆ. ಮೊದಮೊದಲು ತಲೆ ಕೆಡುವುದು ಟ ಮತ್ತು ಡ ಹತ್ತಿರ ಮಾತ್ರ. ಟಿ ಮತ್ತು ಡಿ ಕೀಲಿಗಳನ್ನು ತ, ದ ಹಿಡಿದುಕೊಂಡಿವೆ. ಆದ್ದರಿಂದ ಟ ಡಬ್ಲ್ಯುಗೆ ಹೋಗಿದೆ, ಡ ಕ್ಯೂಗೆ. ಎರಡು ದಿನ ಬೈದುಕೊಳ್ಳುತ್ತೀರಿ, ಮೂರನೇ ದಿನ ಮರೆತೇ ಹೋಗುತ್ತದೆ.

ನಿಮ್ಮ 'ಹಸೆ'ಗೆ ಮೂರೇ ಒತ್ತು. ಎಚ್, ಎಸ್, ಇ. ಮಧ್ಯದಲ್ಲಿ ಬುದ್ಧಿ ಹೇಳುವವರು ಯಾರೂ ಇಲ್ಲ.

ಬರಹದ ಕಾಲದವಳು

ಅಷ್ಟೆಲ್ಲ ಕಲಿಯುವ ತಾಳ್ಮೆ ಇಲ್ಲದವರಿಗೆ ಬರಹ ತಂತ್ರಾಂಶ ಇದೆಯಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ಅದನ್ನು ಮಾಡದಿದ್ದರೆ ನನ್ನಂಥವರು ಕಂಪ್ಯೂಟರಿನಲ್ಲಿ ಕನ್ನಡವನ್ನೇ ನೋಡುತ್ತಿರಲಿಲ್ಲ. ಅದೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು, ಆದರೆ ಊಹೆ ಇಲ್ಲ. ಚಿಕ್ಕ ಎಲ್ ಅಂದರೆ ಲ, ದೊಡ್ಡ ಎಲ್ ಅಂದರೆ ಳ. ನೀವು ಹೇಳಿದ್ದೇ ಬರುತ್ತದೆ, ತಪ್ಪಾದರೆ ತಪ್ಪೂ ನಿಮ್ಮದೇ.

ಅವಸರದ ಹುಡುಗ

ನನಗೊಂದು ಅರ್ಥ ಆಗಲ್ಲ. ಇಷ್ಟೆಲ್ಲ ಯಾಕೆ? ಇಂಗ್ಲಿಷ್ ಅಕ್ಷರದಲ್ಲೇ ಬರೆದು ಬಿಟ್ಟರೆ ಆಯ್ತು. ನಾವು ಸ್ನೇಹಿತರೆಲ್ಲ ಹಾಗೇ ಬರೆಯೋದು, ಎಲ್ಲರಿಗೂ ಅರ್ಥ ಆಗುತ್ತೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಪದಬಂಧ ಅಕ್ಕ, ದಾವಣಗೆರೆ

ತಮ್ಮಾ, ಎಲ್ಲರಿಗೂ ಅರ್ಥ ಆಗುತ್ತೆ ಅಂದೆಯಲ್ಲ. ಬಿ-ಎ-ಎಲ್-ಇ. ಏನಿದು? ಬಲೆಯಾ, ಬಳೆಯಾ, ಬಾಲೆಯಾ, ಬಾಳೆಯಾ? ನಾನು ನಮ್ಮ ಯಜಮಾನರಿಗೆ 'ಬರುವಾಗ ಒಂದು ಡಜನ್ ಬಳೆ ತನ್ನಿ' ಅಂತ ನಿನ್ನ ಹಾಗೇ ಬರೆದು ಕಳಿಸಿದ್ದೆ. ಹನ್ನೆರಡು ಪಚ್ಚಬಾಳೆ ತಂದರು. ಹಬ್ಬದ ಹಿಂದಿನ ದಿನ. ಹಣ್ಣು ಚೆನ್ನಾಗಿತ್ತು, ಆ ಮಾತು ಬೇರೆ.

ಗಿರ್ಮಿಟ್ ಪ್ರಿಯ, ಹುಬ್ಬಳ್ಳಿ

ನಮ್ಮ ಗೆಳೆಯ ಒಬ್ಬ ಮನೆ ಕಟ್ಟಿಸುವಾಗ 'ಕಲ್ಲು ಬಂತು, ಲೋಡ್ ಇಳಿಸಬೇಕು' ಅಂತ ಗುಂಪಿಗೆ ಹಾಕಿದ್ದ. ಇಂಗ್ಲಿಷ್ ಅಕ್ಷರದಲ್ಲಿ. ಅರ್ಧ ಗಂಟೆಯಲ್ಲಿ ನಾಲ್ಕು ಮಂದಿ ಹಾಜರು, ಕೈಯಲ್ಲಿ ಚಕ್ಕುಲಿ, ಖಾರ ಶೇಂಗಾ. ಕಳ್ಳು ಅಂತ ಓದಿಕೊಂಡಿದ್ದರು. ಬಂದದ್ದಕ್ಕೆ ಕಲ್ಲು ಇಳಿಸಿಯೇ ಹೋದರು, ಅದೇ ಲಾಭ.

ಅವಸರದ ಹುಡುಗ

ಸರಿ ಸರಿ, ಒಪ್ಪಿದೆ. ಆದರೂ ಒಂದು ಹೇಳಲಾ? ಕನ್ನಡ ಲಿಪಿಯಲ್ಲಿ ಬರೆದರೆ ನಮ್ಮ ಗುಂಪಿನಲ್ಲಿ 'ಏನೋ ಮೇಷ್ಟ್ರೇ' ಅಂತ ಕಾಲೆಳೀತಾರೆ. ಅದೇ ನಿಜವಾದ ಕಾರಣ. ಕೀಲಿಮಣೆ ಕಷ್ಟ ಅನ್ನೋದೆಲ್ಲ ಸುಮ್ನೆ.

ಚಿಕ್ಕಪೇಟೆ ಡಿಟಿಪಿ

ಟೈಪಿಂಗ್ ನನಗೆ ಹೊಟ್ಟೆಪಾಡು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕರಪತ್ರ ಇವೇ ನಮ್ಮ ಕೆಲಸ. ನಾನು ಇವತ್ತಿಗೂ ಹಳೇ ಆಸ್ಕಿ ಫಾಂಟನ್ನೇ ಬಳಸುತ್ತೇನೆ. ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಪದ್ಧತಿ, ಬಳಸು ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಪುಟ ಕಟ್ಟುವ ಹಳೇ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಅಕ್ಕಪಕ್ಕ ನಿಲ್ಲುತ್ತಿದ್ದವು. 'ಲಗ್ನಪತ್ರಿಕೆ' ಹೋಗಿ 'ಲಗ್‌ನಪತ್‌ರಿಕೆ' ಆದರೆ ಗಿರಾಕಿ ದುಡ್ಡು ಕೊಡುತ್ತಾನಾ? ಅಲ್ಲದೆ ಚೆಂದದ ಫಾಂಟುಗಳು ನನ್ನ ಹತ್ತಿರ ಇರೋದೆಲ್ಲ ಆಸ್ಕಿಯವೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಸ್ಕಿ ಫಾಂಟು ಅಂದರೆ ವೇಷ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಬಟ್ಟೆ. ನುಡಿ ಫಾಂಟಿನಲ್ಲಿ ದೊಡ್ಡ ಪಿ ಜಾಗದಲ್ಲಿ ತಲೆಕಟ್ಟಿಲ್ಲದ ಕ ಕೂತಿದೆ. ತಲೆ ಮೇಲೆ ಗೀಟಿರುವ ಎ ಜಾಗದಲ್ಲಿ ತಲೆಕಟ್ಟು ಕೂತಿದೆ. ಪೌಂಡ್ ಗುರುತಿನಲ್ಲಿ ನ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆಗೆದರೆ 'ಕನ್ನಡ' ಇದ್ದ ಕಡೆ ಪಿ, ಗೀಟಿನ ಎ, ಪೌಂಡು, ಮತ್ತೆ ಗೀಟಿನ ಎ ಅಂತ ಶುರುವಾಗುತ್ತದೆ.

ಕೇಳಿ ಓದುವವನು

ಡಿಟಿಪಿ ಅಣ್ಣ, ನಿಮ್ಮ ಕಷ್ಟ ಅರ್ಥ ಆಯಿತು. ನನ್ನದೂ ಒಂದು ಕೇಳಿ. ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಪುಕ್ಕಟೆ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಇ-ಸ್ಪೀಕ್‌ನ ಕನ್ನಡ ದನಿಯಲ್ಲಿ. ದನಿ ಸ್ವಲ್ಪ ರೋಬೋ ಥರ ಇದೆ. ಅಭ್ಯಾಸ ಆದ ಮೇಲೆ ನಾನು ಅದನ್ನು ಎಷ್ಟು ವೇಗವಾಗಿ ಓಡಿಸುತ್ತೇನೆ ಅಂದರೆ ಪಕ್ಕದವರಿಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದಂತೆ.

ಒಮ್ಮೆ ಒಂದು ಕಚೇರಿಯಿಂದ ಅರ್ಜಿಯ ಸೂಚನೆಗಳ ಫೈಲು ಬಂತು. ಕನ್ನಡದಲ್ಲೇ ಕಳಿಸಿದ್ದೇವೆ ಎಂದರು. ತೆಗೆದೆ. ಕಂಪ್ಯೂಟರು 'ಪಿ, ಎ, ಪೌಂಡ್, ಎ' ಎಂದು ಓದಲು ಶುರು ಮಾಡಿತು. ಮೂರು ಪುಟ ಪೂರ್ತಿ ಪೌಂಡು. ನಿಮಗೆ ಫಾಂಟು ಹಾಕಿಕೊಂಡರೆ ಸರಿಹೋಗುತ್ತದೆ. ನನಗೆ ಬಟ್ಟೆ ಕಾಣುವುದಿಲ್ಲ, ಒಳಗಿರುವುದೇ ಕೇಳುತ್ತದೆ.

ಗೋರಂಟಿ ಅವರೇ, ನಿಮ್ಮ ಅಮ್ಮನ ಹಾಡು ಯೂನಿಕೋಡಿನಲ್ಲೇ ಇರಲಿ. ನಾನೂ ಓದಬಹುದು.

ಚಿಕ್ಕಪೇಟೆ ಡಿಟಿಪಿ

ಇದು ನನಗೆ ಹೊಳೆದೇ ಇರಲಿಲ್ಲ ಸರ್. ಕಾರ್ಡಿಗೆ ಆಸ್ಕಿ ಬಿಡೋಕೆ ಆಗಲ್ಲ, ಅದು ಹೇಗೂ ಕಾಗದಕ್ಕೆ ಹೋಗೋದು. ಆದರೆ ಇನ್ನು ಮೇಲೆ ಯಾರಿಗಾದರೂ ಫೈಲು ಕಳಿಸುವುದಾದರೆ ಯೂನಿಕೋಡಿಗೆ ಬದಲಾಯಿಸಿಯೇ ಕಳಿಸುತ್ತೇನೆ. ಬದಲಾಯಿಸುವ ಸವಲತ್ತು ಇದೆ, ಒಂದು ನಿಮಿಷದ ಕೆಲಸ. ಅರ್ಕಾವತ್ತು ಒಮ್ಮೊಮ್ಮೆ ದಾರಿ ತಪ್ಪುತ್ತದೆ, ಕಣ್ಣಾಡಿಸಬೇಕು.

ಹಳೇ ಮೇಷ್ಟ್ರು, ಅರಸೀಕೆರೆ

ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ನನ್ನ ಅಭಿಪ್ರಾಯ: ತಿದ್ದಿ. 'ಬಾಗ್ಯ' ಅಂತ ಅಚ್ಚಾದರೆ ನಾಳೆ ಮೊಮ್ಮಗು ಅದನ್ನೇ ಸರಿ ಅಂದುಕೊಳ್ಳುತ್ತದೆ. ತಾಯಿಯ ಮೇಲೆ ಗೌರವ ಇರುವುದಕ್ಕೇ ತಿದ್ದಬೇಕು.

ಪದಬಂಧ ಅಕ್ಕ, ದಾವಣಗೆರೆ

ಮೇಷ್ಟ್ರೇ, ಇದನ್ನು ಒಪ್ಪೋದಕ್ಕೆ ಆಗುವುದಿಲ್ಲ. 'ಯೆಲ್ಲಾ' ಅಂದರೆ ತಪ್ಪು ಅಲ್ಲ, ಅವರ ಬಾಯಿ. ನಾವೆಲ್ಲ ಮಾತಾಡುವಾಗ 'ಎ' ಹಿಂದೆ ಸಣ್ಣಗೆ ಒಂದು 'ಯ' ಸೇರಿಸಿಯೇ ಹೇಳೋದು. ಹಳೇ ಕಾಗದಗಳನ್ನು ನೋಡಿ, ನಮ್ಮ ತಾತ 'ಯೇನು', 'ವೊಬ್ಬ' ಅಂತಲೇ ಬರೀತಿದ್ದರು. ಅಂಗಡಿ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದವರಲ್ಲ. ಮಹಾಪ್ರಾಣದ ವಿಷಯಕ್ಕೆ ಬಂದರೆ, ಡಿ.ಎನ್. ಶಂಕರ ಭಟ್ಟರಂಥ ಭಾಷಾ ವಿಜ್ಞಾನಿಯೇ ಅದು ಕನ್ನಡದ ಬರವಣಿಗೆಗೆ ಬೇಡ ಎಂದು ವಾದಿಸಿದ್ದಾರೆ. ಅವರ ವಾದ ನಾನು ಪೂರ್ತಿ ಒಪ್ಪುವವಳಲ್ಲ, ಪದಬಂಧಕ್ಕೆ ಮಹಾಪ್ರಾಣ ಬೇಕು! ಆದರೆ ಹಾಡಿದ ಹಾಗೆ ಬರೆದವರನ್ನು ತಪ್ಪು ಅನ್ನೋದು ಹೇಗೆ?

ಹಳೇ ಮೇಷ್ಟ್ರು, ಅರಸೀಕೆರೆ

ಅಮ್ಮಾ, ನಾನು 'ತಪ್ಪು' ಎನ್ನಲಿಲ್ಲ, 'ತಿದ್ದಿ' ಎಂದೆ. ಸರಿ, ಎರಡಕ್ಕೂ ಅಂತರ ಕಡಿಮೆಯೇ. ಇನ್ನೊಂದು ಕಾರಣ ಕೊಡುತ್ತೇನೆ. ಯಾರೋ ಕಂಪ್ಯೂಟರಿನಲ್ಲಿ 'ಭಾಗ್ಯ' ಎಂದು ಹುಡುಕಿದರೆ 'ಬಾಗ್ಯ' ಸಿಗುತ್ತದೆಯೇ?

ಕುಡ್ಲದಿಂದ

ಸಿಗುವುದಿಲ್ಲ. ಇದು ಒಳ್ಳೆಯ ಮಾತು ಮೇಷ್ಟ್ರೇ. ಹೀಗೆ ಮಾಡಬಹುದು: ಹಾಡಿನ ಹೆಸರು, ಮೊದಲ ಸಾಲು ಇವನ್ನು ಈಗಿನ ಕಾಗುಣಿತದಲ್ಲಿ ಮೇಲೆ ಹಾಕಿ. ಕೆಳಗೆ ಹಾಡು ಅಮ್ಮ ಬರೆದ ಹಾಗೇ ಇರಲಿ. ಪುಟದ ಫೋಟೋ ಪಕ್ಕದಲ್ಲಿ ಇರಲಿ. ತಿದ್ದಿದ್ದನ್ನು ಮತ್ತೆ ಹಳೆಯದಕ್ಕೆ ತರಲು ಆಗುವುದಿಲ್ಲ, ತಿದ್ದದೆ ಇಟ್ಟದ್ದನ್ನು ಯಾವತ್ತಾದರೂ ತಿದ್ದಬಹುದು.

ನನಗೆ ಈ ತಿದ್ದುವವರ ಮೇಲೆ ಸಿಟ್ಟು ಇರುವುದಕ್ಕೆ ಬೇರೆ ಕಾರಣ ಇದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಬರೆಯುವುದು ಕನ್ನಡ ಲಿಪಿಯಲ್ಲಿ. ತುಳುವಿನಲ್ಲಿ ಪದದ ಕೊನೆಗೆ 'ಉ' ಅಲ್ಲದ, 'ಅ' ಅಲ್ಲದ ಒಂದು ಅರ್ಧ ಸ್ವರ ಬರುತ್ತದೆ. ಅದಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಹೇಗೋ ಬರೆಯುತ್ತೇವೆ. ಫೋನು ತಕ್ಷಣ ಅದನ್ನು ಕನ್ನಡ ಪದ ಮಾಡಿಬಿಡುತ್ತದೆ. ತಂಗಿಗೆ ತುಳುವಿನಲ್ಲಿ ಹರಟೆ ಹೊಡೆದರೆ ಬೆಂಗಳೂರಿನ ನೆಂಟರು ಮಾತಾಡಿದ ಹಾಗೆ ಇರುತ್ತದೆ. ತುಳು ವಿಕಿಪೀಡಿಯ 2016ರಿಂದ ಇದೆ, ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೂ ಸೇರಿತು. ಆದರೂ ನನ್ನ ಫೋನಿಗೆ ತುಳು ಅಂದರೆ ಕನ್ನಡದ ತಪ್ಪು ಅಷ್ಟೇ.

ಶಾಸನದ ಹುಚ್ಚು

ಯೂನಿಕೋಡ್ ಮಾತು ಬಂತಲ್ಲ, ಒಂದು ತಮಾಷೆ. ಭಾನುವಾರ ನಾನು ಬೈಕಿನಲ್ಲಿ ಕಲ್ಲು ಹುಡುಕುತ್ತಾ ತಿರುಗುವವನು (ಕಳ್ಳು ಅಲ್ಲ). ಶಾಸನ ಓದಿ ಟೈಪ್ ಮಾಡುವಾಗ ಹಳಗನ್ನಡದ ೞ ಮತ್ತು ಱ ಬೇಕಾಗುತ್ತವೆ. ಎರಡೂ ಯೂನಿಕೋಡಿನಲ್ಲಿ ಇವೆ. ಆದರೆ ೞ ಅಕ್ಷರಕ್ಕೆ ಅಲ್ಲಿ ಇಟ್ಟಿರುವ ಹೆಸರು 'ಫಾ'! ಯಾರದೋ ಕೈತಪ್ಪು. ಯೂನಿಕೋಡಿನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವಂತಿಲ್ಲ ಎಂಬ ನಿಯಮ ಇದೆ. ಹಾಗಾಗಿ ತಪ್ಪು ಅಂತ ಒಂದು ಟಿಪ್ಪಣಿ ಹಾಕಿ ಹಾಗೇ ಬಿಟ್ಟಿದ್ದಾರೆ. 'ಬಾಗ್ಯ' ತಿದ್ದಬೇಕು ಅನ್ನುವವರು ಮೊದಲು ಅಲ್ಲಿಗೆ ಹೋಗಿ.

ರ‍್ಯಾಂಕ್ ಬಾರದವನು

ನನ್ನ ಹೆಸರೇ ನೋಡಿ. ಈ 'ರ‍್ಯಾಂಕ್' ಬರೆಯಲು ನಾನು ಒಂದು ಇಡೀ ಸಂಜೆ ಕಳೆದೆ. ಸುಮ್ನೆ ರ, ಒತ್ತು, ಯ ಹಾಕಿದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಂತೆ. ಅದನ್ನು ಜೋಡಕ ಅನ್ನುತ್ತಾರೆ. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಲು ಇನ್ನೊಂದು ಕಾಣದ ಅಕ್ಷರ, ಅದು ಜೋಡಿಸದೆ ಇರುವುದಕ್ಕೆ. ಕಾಣುವ ಅಕ್ಷರಗಳನ್ನೇ ಸರಿಯಾಗಿ ಕಲಿಯದವನು ನಾನು.

ಇನ್ನೊಂದು ಅನುಮಾನ: ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಬೇಗ ತುಂಬಿ ಹೋಗುತ್ತದಲ್ಲ, ಯಾಕೆ?

ಕೇಳಿ ಓದುವವನು

ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಯೂನಿಕೋಡ್ ಆದರೆ 70. ಅದರಲ್ಲೂ ನಾವು ಒಂದು ಅಕ್ಷರ ಅನ್ನುವುದು ಯಂತ್ರಕ್ಕೆ ಒಂದಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದಕ್ಕೆ ಆರು: ಸ, ಒತ್ತು, ತ, ಒತ್ತು, ರ, ದೀರ್ಘ. ಅಳಿಸುವಾಗ ನೋಡಿ, ಒಂದು ಸಲ ಒತ್ತಿದರೆ ಪೂರ್ತಿ ಹೋಗದೆ ಒಂದೊಂದೇ ಕಾಲು ಕಳಚಿಕೊಳ್ಳುವುದು ಅದಕ್ಕೇ.

ದೂರದೂರು, ನೆದರ್‌ಲ್ಯಾಂಡ್ಸ್

ಓದುತ್ತಾ ಖುಷಿ ಆಯಿತು. ನನ್ನ ಮಗಳಿಗೆ 9 ವರ್ಷ. ಕನ್ನಡ ಮಾತಾಡುತ್ತಾಳೆ, ಲಿಪಿ ಬರುವುದಿಲ್ಲ. ಅಜ್ಜಿಗೆ ಮೆಸೇಜು ಮಾಡುವ ಆಸೆ ಅವಳಿಗೆ. ಆದ್ದರಿಂದ ಬಾಯಲ್ಲಿ ಹೇಳಿ ಬರೆಸುತ್ತಾಳೆ. 'ಅಜ್ಜಿ, ನನ್ನ ಹಲ್ಲು ಬಿತ್ತು' ಅಂದಳು. 'ನನ್ನ ಹಳ್ಳ ಬಿತ್ತು' ಅಂತ ಹೋಯಿತು. ಅಜ್ಜಿ ಗಾಬರಿಯಾಗಿ ಫೋನು ಮಾಡಿ, ಯಾವ ಹಳ್ಳಕ್ಕೆ ಬಿದ್ದಳು, ನೀವೆಲ್ಲ ಏನು ಮಾಡ್ತಿದ್ರಿ ಅಂತ ನನಗೆ ಬೈದರು. ಇಲ್ಲಿ ಮನೆ ಮುಂದೆಯೇ ಕಾಲುವೆ, ಅವರ ಗಾಬರಿಯೂ ನ್ಯಾಯವೇ.

ಅದೇ ದಿನ ಮಗಳು ಕೂತು ಲ, ಳ ಬರೆಯುವುದು ಕಲಿತಳು. ನಾನು ಎರಡು ವರ್ಷದಿಂದ ಹೇಳಿಕೊಟ್ಟರೂ ಕಲಿತಿರಲಿಲ್ಲ.

ಗಿರ್ಮಿಟ್ ಪ್ರಿಯ, ಹುಬ್ಬಳ್ಳಿ

ಎಲ್ಲರೂ ಕೀಲಿಮಣೆ, ತಂತ್ರಾಂಶ, ಪರದೆ ಅಂತ ಚೆಂದ ಬರೆದೀರಿ. ಮೊಬೈಲಿಗೆ ಜಂಗಮವಾಣಿ ಅಂದವರು ಯಾರಿದ್ದೀರಿ, ಕೈ ಎತ್ತಿ.

ಹಳೇ ಮೇಷ್ಟ್ರು, ಅರಸೀಕೆರೆ

ತರಗತಿಯಲ್ಲಿ ಒಮ್ಮೆ ಅಂದಿದ್ದೆ. ಹುಡುಗರು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಜಾಲತಾಣ, ಕೊಂಡಿ, ಕಡತ, ಕೀಲಿಮಣೆ ನಿಂತವು. ಜಂಗಮವಾಣಿ ನಿಲ್ಲಲಿಲ್ಲ, ಇಲಿಯೂ ಮೌಸ್ ಆಗಿಯೇ ಉಳಿಯಿತು. ಯಾವುದು ನಿಲ್ಲುತ್ತದೆ ಎಂದು ಮೊದಲೇ ಹೇಳಲು ನಾನು ಈಗ ಹೋಗುವುದಿಲ್ಲ.

ಗೋರಂಟಿ, ಸಾಗರ

ಎರಡು ವಾರ ಊರಿಗೆ ಹೋಗಿದ್ದೆ, ನೆಟ್‌ವರ್ಕ್ ಸರಿಯಾಗಿ ಇರಲಿಲ್ಲ. ಉಳಿದದ್ದನ್ನೆಲ್ಲ ಈಗ ಓದಿದೆ. ಎಲ್ಲರಿಗೂ ಥ್ಯಾಂಕ್ಸ್.

ಕೆ.ಪಿ. ರಾವ್ ವಿನ್ಯಾಸ ಕಲಿತೆ. ಕ್ಯೂ ಒತ್ತಿದರೆ ಡ ಅನ್ನೋದಕ್ಕೆ ಎರಡಲ್ಲ, ಐದು ದಿನ ಬೈದುಕೊಂಡೆ. ಈಗ ಸಲೀಸು. ದಿನಕ್ಕೆ ಎರಡು ಪುಟ ಆಗುತ್ತಿದೆ. ತಿದ್ದುತ್ತಿಲ್ಲ, ಕುಡ್ಲದವರು ಹೇಳಿದ ಹಾಗೆ ಮೇಲೆ ಮಾತ್ರ ಈಗಿನ ಕಾಗುಣಿತ ಹಾಕುತ್ತಿದ್ದೇನೆ. ಮೇಷ್ಟ್ರೇ, ಕ್ಷಮಿಸಿ.

ಒಂದು ಪುಟದಲ್ಲಿ ಶಾಯಿ ಪೂರ್ತಿ ಹರಡಿತ್ತು. ಪುಸ್ತಕ ಹಿಡಿದುಕೊಂಡು ಅಮ್ಮನನ್ನೇ ಕೇಳಿದೆ. ಅವಳು ಪುಸ್ತಕದ ಕಡೆ ನೋಡಲೇ ಇಲ್ಲ. ದೋಸೆ ಹುಯ್ಯುತ್ತಲೇ ಪೂರ್ತಿ ಹಾಡಿದಳು. ನಾನು ಟೈಪ್ ಮಾಡಿಕೊಂಡೆ. ಆಮೇಲೆ ನೋಡಿದರೆ ಬರೆದಿದ್ದಕ್ಕೂ ಹಾಡಿದ್ದಕ್ಕೂ ನಾಲ್ಕು ಕಡೆ ವ್ಯತ್ಯಾಸ. ಯಾವುದು ಸರಿ ಅಂದರೆ, 'ಎರಡೂ ಹೌದು, ಅವತ್ತು ಹಾಂಗೆ ಬಂತು' ಅಂದಳು. ಎರಡನ್ನೂ ಇಟ್ಟಿದ್ದೇನೆ.

ಬೆರಳಚ್ಚು, ಮೈಸೂರು

ರೆಕಾರ್ಡ್ ಮಾಡಿಕೊಂಡಿರಾ ಮಗಳೇ?

ಗೋರಂಟಿ, ಸಾಗರ

ಮೊದಲನೇ ಸಲ ಇಲ್ಲ ಸರ್, ಹೊಳೆಯಲೇ ಇಲ್ಲ. ಮರುದಿನ ಫೋನು ಮುಂದಿಟ್ಟರೆ 'ಗಂಟಲು ಸರಿ ಇಲ್ಲೆ' ಅಂತ ನಾಚಿಕೊಂಡಳು. ಮೂರನೇ ದಿನ ದೋಸೆ ಹುಯ್ಯುವಾಗ ಕಾಫಿ ಡಬ್ಬಿ ಹಿಂದೆ ಫೋನು ಇಟ್ಟೆ. 11 ಹಾಡು ಸಿಕ್ಕಿದೆ. ಕಾವಲಿ ಸದ್ದು ಇದೆ, ಇರಲಿ. ಆಮೇಲೆ ಹೇಳಿದೆ, ಬೈದಳು, ಮತ್ತೆ ತಾನೇ ಕೂತು ಎರಡು ಸಲ ಕೇಳಿದಳು.

ಇನ್ನೊಂದು ವಿಷಯ. ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಬೆರಳಲ್ಲಿ ಗೀಚಿದರೆ ಕನ್ನಡ ಅಕ್ಷರ ಆಗುವ ಸೌಲಭ್ಯ ಇದೆ. ಅದನ್ನು ಅಮ್ಮನ ಫೋನಿಗೆ ಹಾಕಿಕೊಟ್ಟು ಬಂದಿದ್ದೆ. ಇವತ್ತು ಬೆಳಿಗ್ಗೆ ಅವಳ ಮೊದಲ ಮೆಸೇಜು ಬಂತು. 'ಯೇನು ಮಾಡ್ತಾ ಇದ್ದೆ' ಅಂತ. ಯ ಹಾಗೇ ಇದೆ, ಫೋನು ತಿದ್ದಿಲ್ಲ. ಅದರ ಕೆಳಗೆ ಇನ್ನೊಂದು: 'ಇದ್ರಲ್ಲಿ ಗೆರೆ ಇಲ್ಲೆ. ಅಕ್ಷರ ಡೊಂಕಾಗ್ತು. ಬಪ್ಪಕ್ಕಾದ್ರೆ ಗೆರೆ ಹಾಕ್ಕೊಡು.'